ಮೈ, ಶರೀರ ಮತ್ತು ಶಾಸ್ತ್ರದ ಮಾತು: ಗೋಕಾಕ ಸೀಮೆಯ ನುಡಿ ಹಾಗೂ ರಂಗಭೂಮಿಯ ಹಿನ್ನೆಲೆಯಲ್ಲಿ ಒಂದು ಪರಿಭಾಷಾ ವಿಮರ್ಶೆ

ಪೋಲಿಷ್ ಭಾಷೆಯಲ್ಲಿ ‘ಚೆಲೆಸ್ನೊಶ್ಚ್’ ಎಂಬುದೊಂದು ಶಬ್ದವಿದೆ. ‘ಚಾವೊ’ ಎಂದರೆ ದೇಹ. ಅದರಿಂದ ಹುಟ್ಟಿದ ವಿಶೇಷಣಕ್ಕೆ ಭಾವವಾಚಕ ಪ್ರತ್ಯಯ ಸೇರಿ ಈ ರೂಪ ಸಿದ್ಧವಾಗಿದೆ. ದೇಹವುಳ್ಳದ್ದಾಗಿರುವಿಕೆ, ದೇಹದ ಮೂಲಕ ಇರುವಿಕೆ ಎಂದು ಅದರ ಅರ್ಥವನ್ನು ಸ್ಥೂಲವಾಗಿ ಹೇಳಬಹುದು. ಕಳೆದ ಕೆಲವು ದಶಕಗಳಲ್ಲಿ ಆ ನಾಡಿನ ತತ್ತ್ವಶಾಸ್ತ್ರ, ಸಮಾಜಶಾಸ್ತ್ರ, ವೈದ್ಯಮಾನವಶಾಸ್ತ್ರಗಳಲ್ಲಿ ಈ ಶಬ್ದಕ್ಕೆ ಪಾರಿಭಾಷಿಕ ಸ್ಥಾನ ದೊರೆತಿದೆ. ಇಂತಹ ಶಬ್ದವೊಂದು ಎದುರಾದಾಗ ಕನ್ನಡದ ಸಂಶೋಧಕ ಹಿಂದೆಮುಂದೆ ನೋಡದೆ ‘ದೈಹಿಕತೆ’ ಎಂದು ಬರೆದು ಮುಂದೆ ಸಾಗುತ್ತಾನೆ. ಆ ಅವಸರದಲ್ಲಿ ಏನನ್ನು ಕಳೆದುಕೊಳ್ಳುತ್ತೇವೆ ಎಂಬುದನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಆಡುಮಾತನ್ನೂ ಅಲ್ಲಿಯ ರಂಗಪರಂಪರೆಯನ್ನೂ ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಪೋಲಿಷ್ ಶಬ್ದದ ವ್ಯಾಪ್ತಿಯನ್ನು ಗಮನಿಸಬೇಕು. ‘ಚಾವೊ’ ಮನುಷ್ಯನ ದೇಹಕ್ಕಷ್ಟೇ ಸೀಮಿತವಾದುದಲ್ಲ. ಆಕಾಶದ ಗ್ರಹ ನಕ್ಷತ್ರಗಳೂ ಘನಪದಾರ್ಥವೂ ಕಣ್ಣಿನೊಳಗಿನ ಗಾಜಿನಂಥ ದ್ರವ್ಯವೂ ಆ ಭಾಷೆಯಲ್ಲಿ ‘ಚಾವೊ’ಗಳೇ. ಅದರ ವಿಶೇಷಣರೂಪ ಒಂದು ಕಡೆ ಮೈಮೇಲೆ ಹೊಡೆತ ಬೀಳುವ ಶಿಕ್ಷೆಗೂ ಇನ್ನೊಂದು ಕಡೆ ಗಂಡುಹೆಣ್ಣಿನ ಕೂಟಕ್ಕೂ ಬಳಕೆಯಾಗುತ್ತದೆ. ಕ್ರೈಸ್ತ ಧಾರ್ಮಿಕ ಪರಂಪರೆ ಅದಕ್ಕೆ ಪಾಪದ ಛಾಯೆಯನ್ನೂ ಲೇಪಿಸಿದೆ. ಈ ಮಟ್ಟಿಗೆ ನಮ್ಮ ‘ದೈಹಿಕ’ ಅದಕ್ಕೆ ಸರಿಜೋಡಿಯೆಂದೇ ಹೇಳಬೇಕು. ದೈಹಿಕ ಶಿಕ್ಷಣ, ದೈಹಿಕ ಶಿಕ್ಷೆ, ದೈಹಿಕ ಸಂಪರ್ಕ ಎಂಬ ಮೂರು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಶಾಲೆ, ನ್ಯಾಯಾಲಯ, ಶಯನಗೃಹ ಮೂರನ್ನೂ ಒಂದೇ ವಿಶೇಷಣ ಸುತ್ತಿಬಂದಿರುವುದು ಕಾಣುತ್ತದೆ. ಪೋಲಿಷ್ ಬೀಜಗಣಿತದಲ್ಲಿ ಒಂದು ಬಗೆಯ ಸಂಖ್ಯಾವ್ಯವಸ್ಥೆಗೂ ‘ಚಾವೊ’ ಎಂಬ ಹೆಸರಿದೆ. ಜರ್ಮನ್ ಗಣಿತಜ್ಞ ಡೆಡೆಕಿಂಡ್ 1871ರಲ್ಲಿ ಅದನ್ನು ‘ದೇಹ’ವೆಂದು ಕರೆದುದರ ಪಡಿಯಚ್ಚು ಅದು. ಇಂಗ್ಲಿಷಿನವರು ಅದನ್ನು ಹೊಲವೆಂದರು. ಇಂಗ್ಲಿಷನ್ನು ಅನುಸರಿಸಿದ ನಾವು ‘ಕ್ಷೇತ್ರ’ವೆಂದೆವು. ಆದರೆ ಭಗವದ್ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ಕ್ಷೇತ್ರವೆಂದರೆ ಈ ಶರೀರವೇ ಆಗಿದೆ. ಇದು ಕೇವಲ ಆಕಸ್ಮಿಕ. ಇದರ ಮೇಲೆ ಸಿದ್ಧಾಂತ ಕಟ್ಟುವ ಅಗತ್ಯವಿಲ್ಲ. ಆದರೂ ಪರಿಭಾಷೆಯ ದಾರಿಗಳು ಎಲ್ಲೆಲ್ಲಿ ಸುತ್ತಿ ಎಲ್ಲಿ ಕೂಡುತ್ತವೆ ಎಂಬುದಕ್ಕೆ ನಿದರ್ಶನವಾಗಿ ನೆನಪಿಡತಕ್ಕದ್ದು.

ಕನ್ನಡದ ಶಾಸ್ತ್ರಭಾಷೆ ದೇಹವನ್ನು ಹಲವು ಸಂಸ್ಕೃತ ಶಬ್ದಗಳಿಗೆ ಹಂಚಿಕೊಟ್ಟಿದೆ. ಭೌತಶಾಸ್ತ್ರ, ಖಗೋಳಶಾಸ್ತ್ರಗಳಿಗೆ ‘ಕಾಯ’ ಹೋಯಿತು. ಆಕಾಶಕಾಯ, ಕಪ್ಪುಕಾಯ ಎಂಬ ರೂಪಗಳು ಪಠ್ಯಪುಸ್ತಕಗಳಲ್ಲಿ ನೆಲೆನಿಂತಿವೆ. ವೈದ್ಯಶಾಸ್ತ್ರಕ್ಕೆ ‘ಶರೀರ’ ದಕ್ಕಿತು. ಶಾಲೆ, ಕಾನೂನುಗಳಿಗೆ ‘ದೇಹ’, ನಾಟ್ಯಶಾಸ್ತ್ರಕ್ಕೆ ‘ಅಂಗ’. ನಿರುಕ್ತಕಾರರ ಪ್ರಕಾರ ಶೀರ್ಣವಾಗುವುದು ಶರೀರ, ಬೆಳೆಯುವುದು ದೇಹ, ಕೂಡಿಟ್ಟದ್ದು ಕಾಯ. ಸವೆತ, ಬೆಳವಣಿಗೆ, ಸಂಚಯ ಎಂಬ ಮೂರು ನೋಟಗಳು ಮೂರು ಶಬ್ದಗಳಲ್ಲಿ ಅಡಗಿವೆ. ಆಯುರ್ವೇದದವರು ಈ ಭೇದವನ್ನು ಬಲ್ಲರು. ಆಧುನಿಕ ಪಾರಿಭಾಷಿಕ ಕೋಶಗಳು ಮಾತ್ರ ಬಹುಮಟ್ಟಿಗೆ ಇವನ್ನು ಪರ್ಯಾಯಪದಗಳೆಂದೇ ಬಗೆಯುತ್ತವೆ. ಇನ್ನು ಹನ್ನೆರಡನೆಯ ಶತಮಾನದ ಶರಣರು ‘ಕಾಯ’ದಿಂದ ‘ಕಾಯಕ’ವನ್ನು ಪಡೆದು ದೇಹಕ್ಕೆ ದುಡಿಮೆಯ ಅರ್ಥವನ್ನು ಕೂಡಿಸಿದರು, ಷಟ್‌ಸ್ಥಲಶಾಸ್ತ್ರದಲ್ಲಿ ‘ಅಂಗ’ವೆಂದರೆ ಕೈಕಾಲುಗಳ ಮೊತ್ತವಾಗಿರದೆ ಲಿಂಗಕ್ಕೆ ಅಭಿಮುಖನಾದ ಜೀವನೇ ಆದನು. ಇಷ್ಟು ಸಂಪನ್ನವಾದ ಶಬ್ದರಾಶಿಯಿದ್ದೂ ಅದರಲ್ಲಿ ಒಂದು ಶಬ್ದಕ್ಕೆ ಮಾತ್ರ ಶಾಸ್ತ್ರದ ಪಡಸಾಲೆಯಲ್ಲಿ ಮಣೆ ಸಿಕ್ಕಲಿಲ್ಲ. ಅದು ‘ಮೈ’.

‘ಮೈ’ ಶಾಸ್ತ್ರದೊಳಗೆ ಬಂದಿಲ್ಲವೆಂದರೆ ಪೂರ್ತಿ ನಿಜವಾಗಲಾರದು. ಭೂಮಿತಿಯ ‘ಮೇಲ್ಮೈ’ಯಲ್ಲಿ ಅದಿದೆ. ಆದರೆ ಅಲ್ಲಿ ಉಳಿದಿರುವುದು ಮೈಯ ಹೊರಗಿನ ಪಸರ ಮಾತ್ರ. ಜೀವವಿರುವ ಮೈಯ ಅರ್ಥ ಅಲ್ಲಿ ಸೋರಿಹೋಗಿದೆ. ತಮಿಳಿನಲ್ಲಿ ಇದರ ಜ್ಞಾತಿಶಬ್ದವಾದ ‘ಮೆಯ್’ ದೇಹವನ್ನೂ ಸತ್ಯವನ್ನೂ ಒಟ್ಟಿಗೆ ಸೂಚಿಸುತ್ತದೆ. ಅಲ್ಲಿಯ ವೈಯಾಕರಣರು ಸ್ವರವನ್ನು ಉಸಿರೆಂದೂ ವ್ಯಂಜನವನ್ನು ಮೈಯೆಂದೂ ಕರೆದರು. ಹಳಗನ್ನಡದ ‘ಮೆಯ್ಗಲಿ’ಯಲ್ಲಿ ಮೈ ಪರಾಕ್ರಮದ ನೆಲೆಯಾಗಿತ್ತು. ಇಂದಿನ ಮಾತಿನಲ್ಲಿ ಅದು ಮುಖ್ಯವಾಗಿ ಕ್ರಿಯಾಪದಗಳೊಡನೆ ಬೆರೆತು ಬಾಳುತ್ತಿದೆ: ಮೈಮರೆ, ಮೈದೋರು, ಮೈನೆರೆ, ಮೈದುಂಬು, ಮೈಗೂಡು. ಈ ಅಂಶಕ್ಕೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಘಟಪ್ರಭಾ ನದಿಯು ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ ಇಳಿದು, ಗೋಕಾಕದ ಬಳಿ ಸುಮಾರು 52 ಮೀಟರು ಧುಮುಕಿ, ಮೂಡಲಗಿಯ ಕಡೆಗೆ ಸಾಗುತ್ತದೆ. (ಘಟವೆಂದರೂ ಕನ್ನಡದಲ್ಲಿ ದೇಹವೇ, ‘ಗಟ್ಟಿ ಘಟ’ ಎಂಬ ಮಾತು ಎಲ್ಲರಿಗೂ ಪರಿಚಿತ. ನದಿಯ ಹೆಸರಿಗೂ ಈ ಅರ್ಥಕ್ಕೂ ಗಂಟುಹಾಕುವ ಉದ್ದೇಶ ಇಲ್ಲಿಲ್ಲ.) ಈ ಸೀಮೆಯಲ್ಲಿ ಕಾಯಿಲೆಯ ಮಾತು ಎಂದೂ ‘ಶರೀರ’ದಿಂದ ಆರಂಭವಾಗುವುದಿಲ್ಲ. ‘ಆರಾಮಿಲ್ಲ’, ‘ಜಡ್ಡು ಬಂದೈತಿ’, ‘ಮೈಯಾಗ ಹುಷಾರಿಲ್ಲ’, ‘ಮೈಕೈ ನೋಯಾಕತ್ತೈತಿ’, ‘ಮೈ ಭಾರ ಆಗೈತಿ’ ಎಂಬುವು ಅಲ್ಲಿಯ ವಾಡಿಕೆ. ಇಲ್ಲಿ ‘ಮೈಯಾಗ’ ಎಂಬ ಸಪ್ತಮಿಯನ್ನು ವಿಶೇಷವಾಗಿ ಲಕ್ಷಿಸಬೇಕು. ಬೇನೆ ಮೈಗೆ ತಗಲಿದ ಹೊರವಸ್ತುವಾಗಿ ತೋರದೆ ಮೈಯೊಳಗಿನ ಒಂದು ಸ್ಥಿತಿಯಾಗಿ ತೋರುತ್ತದೆ. ದೇವರು ಬರುವುದೂ ಮೈಯೊಳಗೇ. ಗಡಿಯಾಚೆಯ ಮರಾಠಿಯಲ್ಲಿಯೂ ಜ್ವರ ಮತ್ತು ದೇವರು ಎರಡೂ ‘ಅಂಗಾತ’ ಬರುತ್ತವೆ. ಹುಕ್ಕೇರಿ, ಸಂಕೇಶ್ವರಗಳ ಸಂತೆಯಲ್ಲಿ ಎರಡೂ ಭಾಷೆ ಬಲ್ಲವರು ಈ ಒಂದು ಅನುಭವವನ್ನು ಯಾವ ತೊಡಕೂ ಇಲ್ಲದೆ ಅತ್ತಿತ್ತ ಸಾಗಿಸುತ್ತಾರೆ. ವೈದ್ಯರ ಚೀಟಿಯಲ್ಲಿ ಇದೇ ಮಾತು ‘ದೇಹದ ಉಷ್ಣತೆ’, ‘ಸಾಮಾನ್ಯ ದೌರ್ಬಲ್ಯ’ ಎಂದಾಗುತ್ತದೆ. ಅಳತೆಗೆ ಆ ಮಾತು ಬೇಕು, ಅದನ್ನು ಆಕ್ಷೇಪಿಸುವಂತಿಲ್ಲ. ಆದರೆ ಅಳತೆಗೆ ಮುಂಚಿನ ಮಾತು ಎಲ್ಲಿಯೂ ದಾಖಲಾಗದೆ ಹೋಗುತ್ತದೆ.

ಘಟಪ್ರಭೆಯಲ್ಲಿ 1929ರಲ್ಲಿ ಕರ್ನಾಟಕ ಆರೋಗ್ಯಧಾಮ ಆರಂಭವಾಯಿತು. 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದ ಡಾ. ನಾ.ಸು. ಹರ್ಡೀಕರರ ಹೆಸರೂ ಈ ಊರಿನೊಡನೆ ಬೆಸೆದುಕೊಂಡಿದೆ. ರೋಗಿಯ ಮೈ ಮತ್ತು ಕವಾಯತಿನ ಮೈ, ಈ ಎರಡರ ಆರೈಕೆಯೂ ಒಂದೇ ಊರಿನ ನೆನಪಿನಲ್ಲಿ ಸೇರಿಕೊಂಡಿರುವುದು ಕುತೂಹಲಕರ. ಇವೆರಡರ ಶಬ್ದಕೋಶಗಳು ಮಾತ್ರ ಬೇರೆಬೇರೆ: ಒಂದರದು ರೋಗ, ಪಥ್ಯ, ಶುಶ್ರೂಷೆ, ಇನ್ನೊಂದರದು ಶಿಸ್ತು, ಅಂಗಸಾಧನೆ. ಇವೆರಡಕ್ಕೂ ಹಿಂದಿನಿಂದ ಇದ್ದ ಗರಡಿಮನೆಯಲ್ಲಿ ಪೈಲ್ವಾನ ‘ಮೈ ಕಟ್ಟುತ್ತಿದ್ದ’.

ಅನುಭವದ ಮೈಮಾತಿಗೂ ವಿಜ್ಞಾನಕ್ಕೂ ಸಂಬಂಧವಿಲ್ಲವೆಂದು ವಾದಿಸುವವರುಂಟು. ಅವರಿಗೆ ಉತ್ತರ ಹತ್ತಿ ಗಿರಣಿಯಲ್ಲಿ ದೊರೆಯುತ್ತದೆ. ಗೋಕಾಕ ಜಲಪಾತದ ದಂಡೆಯಲ್ಲಿ 1887ರಿಂದ ನೀರಿನ ಬಲದಿಂದ ನೂಲಿನ ಗಿರಣಿ ನಡೆಯತೊಡಗಿತು. ಪಾಳಿ, ಸಾಂಚಾ ಎಂಬ ಮಾತುಗಳು ಸುತ್ತಣ ಹಳ್ಳಿಗಳ ದಿನಚರಿಯನ್ನು ಹೊಕ್ಕವು. ಲೋಕದ ಯಾವುದೇ ಹತ್ತಿ ಗಿರಣಿಯ ಧೂಳಿನಿಂದ ಬರಬಹುದಾದ ಶ್ವಾಸರೋಗಕ್ಕೆ ಬಿಸಿನೋಸಿಸ್ ಎಂದು ಹೆಸರು. ರಜೆಯ ಮರುದಿನ ಕೆಲಸಕ್ಕೆ ಹಿಂದಿರುಗಿದಾಗ ಎದೆ ಬಿಗಿಯುವುದು ಅದರ ಲಕ್ಷಣ. ಬ್ರಿಟನ್ನಿನ ವೈದ್ಯ ರಿಚರ್ಡ್ ಶಿಲ್ಲಿಂಗ್ 1950ರ ದಶಕದಲ್ಲಿ ಲ್ಯಾಂಕಷೈರಿನ ಕಾರ್ಮಿಕರನ್ನು ಪರೀಕ್ಷಿಸಿ ಈ ರೋಗದ ಹಂತಗಳನ್ನು ಗುರುತಿಸಿದಾಗ ಆಧಾರವಾಗಿ ಹಿಡಿದದ್ದು ಕಾರ್ಮಿಕರ ಉತ್ತರಗಳನ್ನೇ: ಎದೆ ಬಿಗಿಯುವುದು ಸೋಮವಾರ ಒಮ್ಮೊಮ್ಮೆಯೋ, ಪ್ರತಿ ಸೋಮವಾರವೋ, ವಾರದ ಉಳಿದ ದಿನಗಳಲ್ಲಿಯೂ ಉಂಟೋ? ಉಸಿರಿನ ಪ್ರಮಾಣ ಅಳೆಯುವ ಉಪಕರಣಗಳಿದ್ದೂ ರೋಗದ ಮೆಟ್ಟಿಲುಗಳನ್ನು ಕಡೆದದ್ದು ಅನುಭವಿಸಿದವನ ಮಾತು. ಆ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವವನು ‘ಎದೆ ಬಿಗಿತ’ ಎಂದು ಬರೆದಾನು. ಗೋಕಾಕದ ಕಾರ್ಮಿಕ ಅದಕ್ಕೆ ‘ಎದಿ ಹಿಡದಂಗ ಆಗತೈತಿ’ ಎಂದಾನು. ಆದರೆ ‘ಎದಿ’ ಎಂಬುದು ಕನ್ನಡದಲ್ಲಿ ಪುಪ್ಪುಸವಿರುವ ಜಾಗವೂ ಹೌದು, ಹೃದಯವೂ ಹೌದು, ಧೈರ್ಯವೂ ಹೌದು. ‘ಎದಿ ಹಿಡಿಯುವುದು’ ಹೃದ್ರೋಗದ ಹೆದರಿಕೆಯನ್ನು ಹೇಳುತ್ತಿದೆಯೋ, ಉಸಿರಿನ ತೊಡಕನ್ನೋ? ಇಲ್ಲಿ ಎಡವಿದ ಅನುವಾದಕ ರೋಗವಿದ್ದವನನ್ನು ಇಲ್ಲವೆಂದೂ ಇಲ್ಲದವನನ್ನು ಉಂಟೆಂದೂ ಎಣಿಸಿಬಿಡುವ ಸಂಭವವಿದೆ. ಪರಿಭಾಷೆಯ ಚರ್ಚೆ ಪಂಡಿತರ ವಿನೋದವಲ್ಲವೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ರಂಗಭೂಮಿಯ ಕಡೆಗೆ ಬರಬಹುದು. ಶ್ರೀಕೃಷ್ಣ ಪಾರಿಜಾತದ ಇತಿಹಾಸದಲ್ಲಿ ಈ ಸೀಮೆಗೆ ವಿಶಿಷ್ಟ ಸ್ಥಾನವಿದೆ. ಅಪರಾಳ ತಮ್ಮಣ್ಣನ ಕೃತಿಯನ್ನು ಬಯಲಾಟದ ರೂಪಕ್ಕೆ ತಿದ್ದಿ ಬೆಳೆಸಿದವನು ಕುಲಗೋಡ ತಮ್ಮಣ್ಣ. ಹಿಂದೆ ಗೋಕಾಕ ತಾಲೂಕಿಗೆ ಸೇರಿದ್ದ ಕುಲಗೋಡ ಈಗ, 2018ರಿಂದ ಪ್ರತ್ಯೇಕವಾಗಿರುವ, ಮೂಡಲಗಿ ತಾಲೂಕಿನಲ್ಲಿದೆ. ಕಳೆದ ಶತಮಾನದ ಪೂರ್ವಾರ್ಧದಲ್ಲಿ ಈ ಆಟಕ್ಕೆ ನಾಡಿನಾದ್ಯಂತ ಹೆಸರು ತಂದವರಲ್ಲಿ ಕೌಜಲಗಿ ನಿಂಗಮ್ಮನ ಹೆಸರನ್ನು ಬಿಡುವಂತಿಲ್ಲ. ಗಂಡಸರು ಹೆಣ್ಣಿನ ವೇಷ ಧರಿಸುತ್ತಿದ್ದ ರಂಗಕ್ಕೆ ಹೆಣ್ಣೇ ಬಂದು ನಿಂತುದು ಮೈಯ ಇತಿಹಾಸದಲ್ಲಿಯೂ ಒಂದು ಘಟನೆ.

ಕಲಾವಿದನನ್ನು ಹೊಗಳುವಾಗ ಶರೀರ, ಶಾರೀರ ಎರಡೂ ಇವೆ ಎಂದು ಹೇಳುವ ಪದ್ಧತಿ ಕನ್ನಡದಲ್ಲಿದೆ. ಶರೀರವೆಂದರೆ ನಿಲುವು, ಶಾರೀರವೆಂದರೆ ಕಂಠ. ವ್ಯಾಕರಣದ ದೃಷ್ಟಿಯಿಂದ ‘ಶಾರೀರ’ವು ಶರೀರಕ್ಕೆ ಸಂಬಂಧಿಸಿದ್ದು ಎಂಬಷ್ಟೇ ಅರ್ಥದ ಶಬ್ದ. ಪೋಲಿಷ್ ಶಬ್ದದ ರಚನೆಗೆ ಅತಿ ಸಮೀಪದ ರೂಪವಿದು. ನಮ್ಮ ಸಂಗೀತಗಾರರು ಅದನ್ನು ದನಿಗೆ ಮೀಸಲಿಟ್ಟರು. ದೇಹಕ್ಕೆ ಸಂಬಂಧಿಸಿದವುಗಳಲ್ಲೆಲ್ಲ ಅತ್ಯಂತ ದೇಹಸಂಬಂಧಿ ಯಾವುದು ಎಂಬ ಪ್ರಶ್ನೆಗೆ ‘ದನಿ’ ಎಂದು ಭಾಷೆಯೇ ತೀರ್ಪು ಕೊಟ್ಟಂತಿದೆ. ಪಾತ್ರಧಾರಿಯೇ ಹಾಡಿ, ಹಿಮ್ಮೇಳ ಅದನ್ನು ಎತ್ತಿಕೊಳ್ಳುವ ಪಾರಿಜಾತದಂಥ ಆಟದಲ್ಲಿ ಈ ತೀರ್ಪಿನ ಔಚಿತ್ಯ ಚೆನ್ನಾಗಿ ಅರಿವಾಗುತ್ತದೆ.

ಬಯಲಾಟಗಳನ್ನು ಕುರಿತ ಪ್ರಬಂಧಗಳು ಸಾಮಾನ್ಯವಾಗಿ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ನಾಲ್ಕು ಪೆಟ್ಟಿಗೆಗಳಿಗೆ ಹಂಚಿ ಮುಗಿಸುತ್ತವೆ. ಮೈಯ ಮಾತೆಲ್ಲ ‘ಆಂಗಿಕ’ದ ಪೆಟ್ಟಿಗೆಗೆ ಬೀಳುತ್ತದೆ. ಇದು ಭರತನನ್ನೇ ಅರೆಬರೆ ಓದಿದುದರ ಫಲ. ಸಾತ್ವಿಕಭಾವಗಳೆಂದು ಎಣಿಸಲಾದ ಎಂಟನ್ನು ಒಮ್ಮೆ ಬಿಡಿಸಿ ನೋಡಬೇಕು: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ಕಂಪ, ವೈವರ್ಣ್ಯ, ಅಶ್ರು, ಪ್ರಳಯ. ಮರಗಟ್ಟುವುದು, ಬೆವರುವುದು, ಮೈನವಿರೇಳುವುದು, ದನಿ ಒಡೆಯುವುದು, ನಡುಗುವುದು, ಬಣ್ಣಗೆಡುವುದು, ಕಣ್ಣೀರು, ಮೈಮರೆಯುವುದು. ಎಂಟಕ್ಕೆ ಎಂಟೂ ಮೈಯಲ್ಲಿಯೇ ನಡೆಯುತ್ತವೆ. ನಟ ಅಪ್ಪಣೆ ಮಾಡಿದೊಡನೆ ಬರುವಂಥವಲ್ಲ. ಆಧುನಿಕ ಶರೀರಶಾಸ್ತ್ರ ಇವುಗಳಲ್ಲಿ ಹೆಚ್ಚಿನವನ್ನು ಇಚ್ಛೆಗೆ ಒಳಪಡದ ಸ್ವಾಯತ್ತ ನರವ್ಯೂಹದ ವ್ಯಾಪಾರಗಳೆಂದು ವಿವರಿಸುತ್ತದೆ. ಕೈಕಾಲುಗಳನ್ನು ಇಚ್ಛೆಯಂತೆ ಆಡಿಸುವುದು ಆಂಗಿಕ. ಇಚ್ಛೆಯನ್ನು ಮೀರಿ ಮೈ ತಾನೇ ಉತ್ತರ ಕೊಡುವುದು ಸಾತ್ವಿಕ. ನಾರದ ತಂದ ಹೂವು ರುಕ್ಮಿಣಿಯ ಪಾಲಾಯಿತೆಂದು ಕೇಳಿದ ಸತ್ಯಭಾಮೆಯ ಮುನಿಸನ್ನು ಬೆಳಗಿನ ಜಾವದವರೆಗೂ ತಾಳಿಸಬೇಕಾದ ಪಾತ್ರಧಾರಿ ಮುದ್ರೆಗಳನ್ನಷ್ಟೇ ನಂಬಿ ನಿಲ್ಲಲಾರ. ‘ರೋಮಾಂಚ’ವೆಂಬುದಕ್ಕೆ ಇಂದು ಸಿನಿಮಾ ಜಾಹೀರಾತಿನ ಅರ್ಥ ಬಂದುಬಿಟ್ಟಿದೆ; ‘ಮೈನವಿರೇಳು’ ಎಂಬುದು ಚರ್ಮದಡಿಯ ಸಣ್ಣ ಸ್ನಾಯುಗಳು ಕೂದಲನ್ನು ನೆಟ್ಟಗೆ ನಿಲ್ಲಿಸುವುದನ್ನು ಈಗಲೂ ಯಥಾವತ್ತಾಗಿ ಹೇಳುತ್ತದೆ. ಶಾಸ್ತ್ರೀಯತೆ ಸಂಸ್ಕೃತಪದಕ್ಕೆ ಮಾತ್ರ ಸಲ್ಲುವ ಗುಣವೆಂಬ ನಂಬಿಕೆಯನ್ನು ಈ ಒಂದು ಶಬ್ದವೇ ಸಡಿಲಿಸುತ್ತದೆ.

ಕುಣಿತವನ್ನೂ ತಾಳವನ್ನೂ ಕಲಿಯುವ ಹುಡುಗ ಮೊದಮೊದಲು ಹೆಜ್ಜೆಯನ್ನು ಎಣಿಸುತ್ತಾನೆ. ಎಣಿಕೆ ಇರುವವರೆಗೂ ಕುಣಿತ ಕೂಡುವುದಿಲ್ಲ. ಒಂದು ದಿನ ಎಣಿಕೆ ಬಿಟ್ಟುಹೋಗಿ ಹೆಜ್ಜೆ ಉಳಿಯುತ್ತದೆ. ಇದಕ್ಕೆ ಕನ್ನಡದಲ್ಲಿ ‘ಮೈಗೂಡುವುದು’ ಎಂದು ಹೆಸರು. ಪಶ್ಚಿಮದ ತತ್ತ್ವಜ್ಞರು ಇಪ್ಪತ್ತನೆಯ ಶತಮಾನದಲ್ಲಿ ಬಹಳ ಶ್ರಮದಿಂದ ತಲುಪಿದ ನೆಲೆ ಇದೇ ಆಗಿದೆ. ಹುಸ್ಸರ್ಲ್ ಜರ್ಮನ್ ಭಾಷೆಯಲ್ಲಿದ್ದ ಎರಡು ಶಬ್ದಗಳನ್ನು ಆಧರಿಸಿ, ವಸ್ತುಗಳ ನಡುವೆ ವಸ್ತುವಾಗಿರುವ ದೇಹವನ್ನೂ ಒಳಗಿನಿಂದ ಬಾಳುವ ದೇಹವನ್ನೂ ಬೇರ್ಪಡಿಸಿದನು. ಮೆರ್ಲೊ-ಪಾಂಟಿ 1945ರಲ್ಲಿ ಪ್ರಕಟವಾದ ತನ್ನ ಗ್ರಹಿಕೆಯ ಮೀಮಾಂಸೆಯಲ್ಲಿ ರೂಢಿಯೆಂಬುದು ಮೈ ಪಡೆದ ಜ್ಞಾನವೆಂದು ವಾದಿಸಿದನು. ಈ ವಿಚಾರವನ್ನು ಕನ್ನಡಕ್ಕೆ ತರುವಾಗ ‘ದೇಹೀಕರಣ’, ‘ಮೂರ್ತೀಕರಣ’ ಎಂಬ ರೂಪಗಳನ್ನು ಬಳಸುವುದು ರೂಢಿಯಾಗುತ್ತಿದೆ. ಮೂರ್ತೀಕರಣವೆಂದರೆ ವಿಗ್ರಹ ಕಡೆದಂತೆ; ಅಲ್ಲಿ ಮೈ ಹೊರಗಿನಿಂದ ಕೆತ್ತಲ್ಪಡುತ್ತದೆ. ದೇಹೀಕರಣದಲ್ಲಂತೂ ಆಡಳಿತದ ಕಾಗದಪತ್ರದ ವಾಸನೆ. ‘ಮೈಗೂಡು’ ಎಂಬಲ್ಲಿ ಕಲಿಕೆಯೂ ಕಾಲವೂ ಕಲಿತವನ ಬದಲಾವಣೆಯೂ ಒಂದೇ ಕ್ರಿಯೆಯಲ್ಲಿ ಅಡಕವಾಗಿವೆ. ಚೆಲೆಸ್ನೊಶ್ಚ್‌ಗೆ ಕನ್ನಡದಲ್ಲಿ ನಾಮಪದವನ್ನು ಹುಡುಕಹೊರಟದ್ದೇ ತಪ್ಪೆಂದು ಪ್ರಸ್ತುತ ಲೇಖಕನ ಅಭಿಪ್ರಾಯ. ಆ ಭಾಷೆ ಪ್ರತ್ಯಯದಿಂದ ಸಾಧಿಸಿದ್ದನ್ನು ಈ ಭಾಷೆ ಕ್ರಿಯಾಪದದಿಂದ ಸಾಧಿಸಿಕೊಂಡಿದೆ.

ವಿಜ್ಞಾನಿಯ ಮೈಯೂ ಇದರಿಂದ ಹೊರತಾದುದಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಲು ಕಣ್ಣು ಪಳಗಬೇಕು. ಪೋಲಿಷ್ ಮನೆತನದ ವೈದ್ಯನೂ ಚಿಂತಕನೂ ಆದ ಲುಡ್ವಿಕ್ ಫ್ಲೆಕ್ 1935ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪರಂಗಿ ರೋಗದ ರಕ್ತಪರೀಕ್ಷೆಯ ಇತಿಹಾಸವನ್ನು ಕೈಗೆತ್ತಿಕೊಂಡು, ರಕ್ತ ಕೆಟ್ಟಿದೆಯೆಂಬ ಪುರಾತನ ಜನನಂಬಿಕೆಯೇ ಪ್ರಯೋಗಶಾಲೆಯ ಶೋಧಕ್ಕೆ ದಿಕ್ಕು ತೋರಿಸಿತೆಂದೂ, ಕಾಣುವುದೂ ಒಂದು ಸಮುದಾಯದ ಚಿಂತನಶೈಲಿಯಲ್ಲಿ ಪಡೆದ ತರಬೇತಿಯೆಂದೂ ತೋರಿಸಿಕೊಟ್ಟನು. ಆ ಗ್ರಂಥ ಇಂಗ್ಲಿಷಿಗೆ ಬಂದದ್ದು 1979ರಲ್ಲಿ. ಕನ್ನಡದಲ್ಲಿ ಈ ಎಚ್ಚರವನ್ನು ಸಿದ್ಧಾಂತದ ಗೊಡವೆಯಿಲ್ಲದೆ ಬರವಣಿಗೆಯಲ್ಲಿ ತಂದವರು ಬಿ.ಜಿ.ಎಲ್. ಸ್ವಾಮಿ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಪಡೆದ ‘ಹಸುರು ಹೊನ್ನು’ವಿನಲ್ಲಿ ಸಸ್ಯಶಾಸ್ತ್ರವು ವಿದ್ಯಾರ್ಥಿಗಳೊಡನೆ ಕಾಡು ಸುತ್ತುವ ಮೈಯನ್ನು ಬಿಟ್ಟು ನಡೆಯುವುದಿಲ್ಲ. ನಮ್ಮ ವಿಜ್ಞಾನಸಾಹಿತ್ಯದ ವಿಮರ್ಶಕರು ಅದರ ವಿನೋದವನ್ನು ಮೆಚ್ಚಿದಷ್ಟು ಈ ಅಂಶವನ್ನು ಗಮನಿಸಿದಂತಿಲ್ಲ.

ಪರಿಭಾಷೆ ಅಜಾಗರೂಕವಾದರೆ ಆಗುವ ಅನಾಹುತಕ್ಕೆ ಆಡಳಿತದ ಕನ್ನಡದಿಂದ ಒಂದೇ ನಿದರ್ಶನ ಸಾಕು. ಮೊದಲು ‘ಅಂಗವಿಕಲ’ ಎಂದಿದ್ದ ಶಬ್ದವನ್ನು ಗೌರವದ ಉದ್ದೇಶದಿಂದ ‘ವಿಕಲಚೇತನ’ ಎಂದು ಬದಲಾಯಿಸಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಸಮಾಸವನ್ನು ಬಿಡಿಸಿದರೆ ಮೊದಲಿನದರಲ್ಲಿ ಊನವಿದ್ದುದು ಅಂಗಕ್ಕೆ. ಎರಡನೆಯದರಲ್ಲಿ ಅದು ಚೇತನಕ್ಕೇ ಅಂಟಿಕೊಂಡಿತು. ಕಾಲಿಲ್ಲದವನ ಕಾಲನ್ನು ಹೆಸರಿಸಲು ಸಂಕೋಚಪಟ್ಟ ಭಾಷೆ ಅವನ ಜೀವವನ್ನೇ ಕುಂದಿನದೆಂದಿತು. 2016ರ ಕಾಯಿದೆ ಇಪ್ಪತ್ತೊಂದು ಬಗೆಯ ನ್ಯೂನತೆಗಳನ್ನು ಹೆಸರಿಸಿ ಹಕ್ಕುಗಳ ಭಾಷೆಯಲ್ಲಿ ಮಾತನಾಡಿದರೂ ಕನ್ನಡದ ಫಲಕಗಳಲ್ಲಿ ಈ ಶಬ್ದವೇ ನಿಂತಿದೆ. ದೇಹವನ್ನು ಕುರಿತು ನೇರವಾಗಿ ಮಾತನಾಡಲು ಅಂಜುವ ಶಿಷ್ಟಭಾಷೆಯ ಹಳೆಯ ಅಭ್ಯಾಸ ಇದರ ಹಿಂದಿದೆ.

ಇಲ್ಲಿಯ ವಾದವನ್ನು ಸಂಸ್ಕೃತಶಬ್ದಗಳ ನಿರಾಕರಣೆಯೆಂದು ತಿಳಿಯಬಾರದು. ಡಿ.ಎನ್. ಶಂಕರ ಭಟ್ಟರು ಅಚ್ಚಗನ್ನಡ ಪಾರಿಭಾಷಿಕಗಳ ಪರವಾಗಿ ಮಂಡಿಸಿದ ವಾದಕ್ಕೆ ತನ್ನದೇ ಬಲವಿದ್ದರೂ, ಶರೀರಶಾಸ್ತ್ರವನ್ನು ‘ಮೈಯರಿಮೆ’ ಎಂದು ಬದಲಾಯಿಸುವುದರಿಂದ ಇಲ್ಲಿ ಎತ್ತಿರುವ ತೊಡಕು ಪರಿಹಾರವಾಗುವುದಿಲ್ಲ. ಅಳೆಯುವ ದೇಹಕ್ಕೆ ‘ಶರೀರ’ವೇ ಇರಲಿ. ಮೈಯನ್ನು ಶರೀರದ ಪರ್ಯಾಯವಾಗಿಸಿದ ಕೂಡಲೇ ಅದು ಹಿಡಿದಿಟ್ಟಿರುವ ಭೇದವೇ ಅಳಿಸಿಹೋಗುತ್ತದೆ. ವೈದ್ಯೆಯಾಗಿದ್ದ ಅನುಪಮಾ ನಿರಂಜನರು ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ಗಳಂಥ ಪುಸ್ತಕಗಳನ್ನು ಓದುವ ಹೆಂಗಸರನ್ನೇ ಉದ್ದೇಶಿಸಿ ಬರೆದಾಗ ಎರಡು ಭಾಷೆಗಳ ನಡುವೆ ಓಡಾಡುವ ಹೊಣೆಯನ್ನು ಹೊತ್ತಿದ್ದರು, ಆ ಹೊಣೆ ಇಂದಿನ ಪಾರಿಭಾಷಿಕ ಕೋಶಗಳಲ್ಲಿ ಕಾಣುತ್ತಿಲ್ಲ. ಗೋಕಾಕದಿಂದ ಹುಕ್ಕೇರಿಯವರೆಗೆ ಆಸ್ಪತ್ರೆಯ ಬಾಗಿಲಲ್ಲಿ ದಿನವೂ ಕೇಳಿಬರುವ ಮೈಮಾತುಗಳನ್ನು, ಅವುಗಳ ಕ್ರಿಯಾಪದ ವಿಭಕ್ತಿಗಳ ಸಮೇತ, ವೈದ್ಯರೂ ಭಾಷಾಶಾಸ್ತ್ರಜ್ಞರೂ ಜೊತೆಗೂಡಿ ಸಂಗ್ರಹಿಸುವ ಕೆಲಸ ಮೊದಲು ಆಗಬೇಕಾಗಿದೆ. ‘ಮೈ ಭಾರ’ಕ್ಕೂ ‘ಮೈ ಜಡ’ಕ್ಕೂ ‘ಮೈಕೈ ನೋವಿ’ಗೂ ಆಡುವವರ ಬಾಯಲ್ಲಿರುವ ಅಂತರ ಆ ಸಂಗ್ರಹದಲ್ಲಿ ನಮೂದಾಗಬೇಕು, ಸದ್ಯಕ್ಕೆ ಮೂರೂ ಒಂದೇ ‘ದೌರ್ಬಲ್ಯ’ದ ಕಾಲಮಿನಲ್ಲಿ ಕುಳಿತಿವೆ.